ಅಕ್ಕನ ಬೆರಳಿಗೊಂದು ಟಾಕೀಸು

ಶಾಲೆಯಿಂದ ಬಂದು ಬಾಗಿಲು ತಳ್ಳಿದರೆ ನನ್ನ ಅಕ್ಕ ಆರಿದ ಟಿವಿಯ ಮುಂದೆ ಕೂತಿದ್ದಳು. ತೂಕಡಿಸುತ್ತಿರಲಿಲ್ಲ, ಸೊಪ್ಪು ಬಿಡಿಸುತ್ತಿರಲಿಲ್ಲ. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಸಿನಿಮಾ ಶುರುವಾಗುವುದನ್ನು ಕಾಯುವವಳಂತೆ ನೇರವಾಗಿ ಕೂತಿದ್ದಳು. ಕಪ್ಪು ಗಾಜಿನೊಳಗೆ ಅವಳದೇ ಮುಖ ಕಾಣುತ್ತಿತ್ತು.

"ಯಾಕಕ್ಕ, ಕರೆಂಟ್ ಇಲ್ವಾ?"

"ಐತಲ್ಲ. ಫ್ಯಾನ್ ತಿರುಗ್ತಾ ಐತೆ, ನೋಡು."

"ಮತ್ತೆ ಟಿವಿ ಯಾಕೆ ಆಫ್ ಆಗಿದೆ? ಏನ್ ಬೇಕು ಹೇಳು, ಹಾಕ್ತೀನಿ."

"ಏನಾದ್ರೂ ಹಾಕಮ್ಮ" ಎಂದಳು ಅಕ್ಕ.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆಂದು ಆ ಕ್ಷಣಕ್ಕೆ ಹೊಳೆಯಲೂ ಇಲ್ಲ. ನನ್ನ ಅಕ್ಕ ಏನಾದರೂ ಸರಿ ಎಂದು ನೋಡುವ ಪೈಕಿಯೇ ಅಲ್ಲ. ಚಿಂತಾಮಣಿಯಲ್ಲಿ ಒಬ್ಬಳೇ ಇದ್ದಾಗ ಅವಳ ಹತ್ತಿರ ಬೆನ್ನು ಉಬ್ಬಿದ ಹಳೆಯ ಟಿವಿಯೊಂದು, ಸಿಡಿ ಪ್ಲೇಯರೊಂದು, ಟ್ರಂಕಿನ ತುಂಬ ಸಿನಿಮಾ ಡಿಸ್ಕುಗಳು ಇದ್ದವು. ಕೂಲಿ ಕೈಗೆ ಬಂದ ದಿನ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ನಿಂತು, ಕವರಿನ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಂಗಡಿಯವನ ತಲೆ ತಿಂದು ಒಂದನ್ನು ಕೊಂಡು ತರುತ್ತಿದ್ದಳು. ತೆಲುಗೋ ಕನ್ನಡವೋ, ಅದರಲ್ಲಿ ಭೇದವಿಲ್ಲ. ಹೊಡೆದಾಟ ಚೆನ್ನಾಗಿರಬೇಕು, ಹೀರೋಯಿನ್ ಅಳುಬುರುಕಿಯಾಗಿರಬಾರದು. ಭಕ್ತಿ ಚಿತ್ರ ಮಾತ್ರ ಸುತರಾಂ ಆಗದು. "ದೇವ್ರು ಗುಡೀಲಿ ಚೆನ್ನಾಗೇ ಅವ್ನೆ, ಮನೆಗೂ ಬಂದು ಯಾಕೆ ಹಾಡಬೇಕು?" ಎನ್ನುತ್ತಿದ್ದಳು.

ಮಂಡಿ ನೋವು ಜಾಸ್ತಿಯಾಗಿ ಮಹಡಿ ಮೆಟ್ಟಿಲು ಹತ್ತಲಾಗದೆ ಅಕ್ಕ ಶಿಡ್ಲಘಟ್ಟಕ್ಕೆ, ನಮ್ಮ ಮನೆಗೆ, ಬಂದಳು. ಕೆಟ್ಟ ಟಿವಿ, ಪ್ಲೇಯರುಗಳನ್ನು ಅಲ್ಲೇ ಬಿಟ್ಟು ಟ್ರಂಕನ್ನು ಮಾತ್ರ ತಂದಿದ್ದಳು. ಊರ ಅಂಚಿನಲ್ಲಿ ನಮ್ಮ ಮನೆ. ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ರೇಷ್ಮೆ ಹುಳ ಸಾಕುವ ಮನೆ. ಹುಳ ನನ್ನ ಯಜಮಾನರ ಪಾಲಿಗೆ, ಹೈಸ್ಕೂಲಿನ ವಿಜ್ಞಾನ ಪಾಠ ನನ್ನ ಪಾಲಿಗೆ. ನಾವಿಬ್ಬರೂ ಬೆಳಿಗ್ಗೆ ನಮ್ಮ ನಮ್ಮ ಕೆಲಸಕ್ಕೆ ಹೊರಟ ಮೇಲೆ ಅಕ್ಕನಿಗೆ ಸಂಗಾತಿ ಎಂದರೆ ಗೋಡೆಯ ಮೇಲಿನ ಹೊಸ ಸ್ಮಾರ್ಟ್ ಟಿವಿ. ಯಜಮಾನರು ತೋಟಕ್ಕೆ ಹೋಗುವ ಮುಂಚೆ ಪುಣ್ಯ ಬರಲಿ ಎಂದು ಅದರಲ್ಲಿ ಭಕ್ತಿ ಚಾನೆಲ್ ಹಾಕಿಟ್ಟು ಹೋಗುತ್ತಿದ್ದರು. ಅಕ್ಕ ಮರ್ಯಾದೆಗೆ ಸುಮ್ಮನಿರುತ್ತಿದ್ದಳು. ಆ ದಿನ ಬಹುಶಃ ತಡೆಯಲಾಗದೆ ಆರಿಸಿಬಿಟ್ಟಿದ್ದಳು. ಆರಿಸುವ ಗುಂಡಿಯೊಂದು ಅವಳಿಗೆ ಗೊತ್ತಿತ್ತು. ಹಾಕಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎಂದರೂ ತಪ್ಪೇ. ನಾನು ಎಷ್ಟೋ ಸಲ ಹೇಳಿಕೊಟ್ಟಿದ್ದೆ. ಅವಳಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾಗದಿದ್ದದ್ದು ಆ ಯಂತ್ರಗಳಿಗೆ, ಅವಳ ಬೆರಳು.

ಅಕ್ಕ ಮದುವೆಗೆ ಮುಂಚಿನಿಂದಲೂ ರೀಲಿಂಗ್ ಕೆಲಸ ಮಾಡಿದವಳು. ಕುದಿಯುವ ನೀರಿನಲ್ಲಿ ತೇಲುವ ರೇಷ್ಮೆ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳನ್ನು ಬೆರಳ ತುದಿಯಿಂದ ಹುಡುಕಿ, ಎತ್ತಿ, ರಾಟೆಗೆ ಕೊಡುವ ಕೆಲಸ. ವರ್ಷಗಟ್ಟಲೆ ಬೆಂದು ಬೆಂದು ಅವಳ ಬೆರಳ ತುದಿಗಳು ಒರೆಸಿಟ್ಟ ಹಲಗೆಯ ಹಾಗೆ ನುಣ್ಣಗಾಗಿದ್ದವು. ಗೆರೆಯೇ ಇಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವಳನ್ನು ಯಾರೆಂದು ಗುರುತಿಸುವುದನ್ನು ಯಾವಾಗಲೋ ಬಿಟ್ಟಿತ್ತು, ಈಗ ಕಣ್ಣು ತೋರಿಸಿ ಅಕ್ಕಿ ತರಬೇಕು. ಮೊಬೈಲಿನ ಗಾಜನ್ನು ಅವಳು ಮುಟ್ಟಿದರೆ ಗಾಜು ಸುಮ್ಮನಿರುತ್ತಿತ್ತು. ಟಿವಿ ರಿಮೋಟಿನ ಮೆತ್ತನೆಯ ರಬ್ಬರ್ ಗುಂಡಿ ಒತ್ತಿದರೆ ಒತ್ತಿದೆನೋ ಇಲ್ಲವೋ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಒತ್ತಿಲ್ಲವೆಂದುಕೊಂಡು ಮತ್ತೆ ಮತ್ತೆ ಒತ್ತಿ ಎಲ್ಲೋ ಹೋಗಿ ಸಿಕ್ಕಿಕೊಳ್ಳುತ್ತಿದ್ದಳು. ಬಾಯಲ್ಲಿ ಹೇಳಿದರೆ ಹಾಕುತ್ತದೆ ಎಂಬ ಇನ್ನೊಂದು ರಿಮೋಟ್ ತಂದುಕೊಟ್ಟೆ. ಅರ್ಧ ತೆಲುಗು, ಅರ್ಧ ಕನ್ನಡದ ಅವಳ ಮಾತಿಗೆ ಅದು ಕ್ಷಮಿಸಿ, ಕ್ಷಮಿಸಿ ಎನ್ನುತ್ತಲೇ ಇತ್ತು. ಕೊನೆಗೆ ಅಕ್ಕನಿಗೇ ಅದರ ಮೇಲೆ ಕರುಣೆ ಬಂತು.

ಹೀಗಾಗಿ ಪ್ರತಿಯೊಂದಕ್ಕೂ ಕೇಳಬೇಕಿತ್ತು. ಅದನ್ನು ಹಾಕು, ಇದನ್ನು ಬದಲಾಯಿಸು, ಸೌಂಡ್ ಕಡಿಮೆ ಮಾಡು. ಕೈಯಲ್ಲಿ ದುಡಿದು ತನ್ನ ಇಷ್ಟದಂತೆ ಬದುಕಿದ ಹೆಂಗಸು ಎಷ್ಟು ದಿನ ಕೇಳಿಯಾಳು? ಕೇಳುವುದನ್ನು ಬಿಟ್ಟಳು. "ಏನಾದ್ರೂ ಹಾಕು" ಎಂದರೆ ಅದೇ.

ಆ ಸಂಜೆಯೇ ಹಟ ಹಿಡಿದೆ. ಅಕ್ಕ ತನಗೆ ಬೇಕಾದ ಸಿನಿಮಾವನ್ನು ತಾನೇ, ತನ್ನ ಬೆರಳಿನಿಂದಲೇ, ಯಾರನ್ನೂ ಕೇಳದೆ ಹಾಕಿಕೊಳ್ಳಬೇಕು. ಅದಾಗುವವರೆಗೆ ಬಿಡುವುದಿಲ್ಲ. ಟ್ರಂಕಿನ ಡಿಸ್ಕುಗಳನ್ನೆಲ್ಲ ಒಂದು ಸಣ್ಣ ಕಂಪ್ಯೂಟರಿಗೆ ತುಂಬಿ, ಅದನ್ನು ಟಿವಿಗೆ ಜೋಡಿಸಿದರೆ ಮನೆಯೇ ಒಂದು ಟಾಕೀಸಾಗುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ನೋಡಿ ತಿಳಿದುಕೊಂಡೆ. ಯಜಮಾನರಿಗೆ ಹೇಳಿದೆ. ಅವರು ಸೊಪ್ಪಿನ ಹೊರೆ ಇಳಿಸುತ್ತಾ ನಕ್ಕರು.

"ಮನೇಲಿರೋ ಹುಳ ಸಾಲ್ದು ಅಂತ ತಲೆಗೂ ಬಿಟ್ಕೊಂಡ್ಯಾ?"

"ನಿಮ್ಮ ಹುಳಕ್ಕೆ ಮಾಡೋ ಸೇವೇಲಿ ಕಾಲು ಭಾಗ ನಮ್ಮಕ್ಕಂಗೆ ಮಾಡ್ತೀನಿ, ಅಷ್ಟೇ" ಎಂದೆ.

ಅಕ್ಕನನ್ನು ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿದೆ. ಅಲ್ಲಿನ ಕಂಪ್ಯೂಟರ್ ಅಂಗಡಿಯವರು ಮೊದಲು ತೋರಿಸಿದ್ದು ಒಳಗೆಲ್ಲ ಬಣ್ಣದ ದೀಪ ಮಿನುಗುವ ದೊಡ್ಡ ಪೆಟ್ಟಿಗೆ. ಮದುವೆ ಮಂಟಪಕ್ಕೆ ಬೇಕಾದರೆ ಹೇಳಿ ಕಳಿಸುತ್ತೇನೆ ಎಂದೆ. ಆಮೇಲೆ ಟಿವಿಯ ಹಿಂದೆ ಚುಚ್ಚುವ ಬೆರಳುದ್ದದ ಕಡ್ಡಿ ತಂದರು. ಅದಕ್ಕೆ ಇಂಟರ್ನೆಟ್ ಬೇಕು, ಪಾಸ್‌ವರ್ಡ್ ಬೇಕು, ಮತ್ತದೇ ಮಾತಾಡುವ ರಿಮೋಟು.

"ನೋಡಿಪ್ಪಾ" ಎಂದು ನನ್ನ ಮೇಷ್ಟ್ರ ದನಿ ತೆಗೆದೆ. "ಸ್ವಿಚ್ ಹಾಕಿದ ತಕ್ಷಣ ತಾನೇ ಶುರುವಾಗಬೇಕು. ಕರೆಂಟ್ ಹೋಗಿ ಬಂದರೆ ತಾನೇ ಎದ್ದು ಕೂರಬೇಕು, ಯಾರೂ ಎಬ್ಬಿಸಬಾರದು. ಪಾಸ್‌ವರ್ಡ್ ಕೇಳಬಾರದು. ಇಂಟರ್ನೆಟ್ ಇಲ್ಲದೇ ಇದ್ರೂ ನಡೀಬೇಕು. ಮುಟ್ಟಿದ್ರೆ ನಡಿಯೋದು ಬೇಡ, ಮಾತಾಡಿದ್ರೆ ನಡಿಯೋದೂ ಬೇಡ."

"ಹಾಗಾದ್ರೆ ಏನ್ ಮಾಡಿದ್ರೆ ನಡೀಬೇಕು ಮೇಡಂ?"

ಅಂಗಡಿಯಲ್ಲಿದ್ದ ರಿಮೋಟುಗಳನ್ನೆಲ್ಲ ಒಂದೊಂದಾಗಿ ಅಕ್ಕನ ಕೈಗಿಟ್ಟೆ. ಅವಳು ಒತ್ತುವುದು, ಹುಬ್ಬು ಗಂಟಿಕ್ಕುವುದು, ವಾಪಸು ಕೊಡುವುದು. "ಒತ್ತಿದ್ರೆ ಒತ್ತಿದೆ ಅಂತ ನಂಗೆ ಗೊತ್ತಾಗ್ಬೇಕು ಕಣೇ. ಇದೆಲ್ಲ ಬೆಣ್ಣೇಲಿ ಬೆರಳಿಟ್ಟಂಗೈತೆ." ನನಗೂ ಸಾಕಾಗಿ ಹೋಗಿತ್ತು, ಅಂಗಡಿಯವರಿಗಂತೂ ಯಾವಾಗ ಎದ್ದು ಹೋಗುತ್ತೇವೋ ಎಂಬಂತಾಗಿತ್ತು. ಅಷ್ಟರಲ್ಲಿ ಬೇರೊಬ್ಬ ಗಿರಾಕಿ ಬಂದ. ಅಂಗಡಿಯವರು ಅವನಿಗೆ ಬಿಲ್ ಮಾಡಲು ತಿರುಗಿ, ಗಲ್ಲಾದ ಪಕ್ಕದಲ್ಲಿದ್ದ ಅಂಗೈಯಗಲದ ಅಂಕಿಗಳ ಕೀಲಿಮಣೆಯ ಮೇಲೆ ಟಕ್ ಟಕ್ ಎಂದು ಕುಟ್ಟತೊಡಗಿದರು.

ಅಕ್ಕ ಕೂತಲ್ಲಿಂದಲೇ ಕೈ ತೋರಿಸಿದಳು. "ಅದು! ಅದ್ಯಾಕೆ ತೋರ್ಸಿಲ್ಲ ನೀವು?"

"ಅಮ್ಮ, ಅದು ಲೆಕ್ಕ ಹಾಕೋರಿಗೆ."

"ನಾನೂ ಲೆಕ್ಕ ಹಾಕಿ ಬದುಕಿದೋಳೇ ಕಣಪ್ಪ. ಕೊಡಿಲ್ಲಿ."

ಅವರು ಅದನ್ನು ಕಿತ್ತು ಅವಳ ಮುಂದಿಟ್ಟರು. ಅಕ್ಕ ಒಂದು ಗುಂಡಿ ಒತ್ತಿದಳು. ಟಕ್. ಅವಳ ಬೆರಳಿಗೆ ಏನು ತಿಳಿಯಿತೋ, ಕಿವಿಗಂತೂ ತಿಳಿಯಿತು. ಮತ್ತೊಂದು ಒತ್ತಿದಳು. ಟಕ್. ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ನಗುತ್ತಾ ಸುಮ್ಮನೆ ಒತ್ತುತ್ತಲೇ ಇದ್ದಳು. ಎಷ್ಟೋ ದಿನದ ಮೇಲೆ ಒಂದು ವಸ್ತು ಅವಳ ಮಾತು ಕೇಳಿತ್ತು. ಅಂಥದ್ದೇ ಒಂದನ್ನು ಕಟ್ಟಿಕೊಡಿ ಎಂದೆ, ಜೊತೆಗೆ ಯಾವುದೋ ಕಚೇರಿಯಲ್ಲಿ ಬಳಸಿ ಬಿಟ್ಟ, ಊಟದ ಡಬ್ಬಿಯಷ್ಟಿದ್ದ ಕಂಪ್ಯೂಟರೊಂದನ್ನೂ.

"ನಮ್ಮ ಹುಡುಗ ಬಂದು ಜೋಡಿಸಿ ಕೊಡ್ತಾನೆ" ಎಂದರು ಅಂಗಡಿಯವರು. ನಾನು ಸಂತೋಷದಿಂದ ಒಪ್ಪಿ ಬಂದೆ. ಮನೆಯಲ್ಲಿ ಯಜಮಾನರು ಒಪ್ಪಲಿಲ್ಲ.

ರೇಷ್ಮೆ ಸಾಕುವವರ ಮನೆಯ ಕಟ್ಟಳೆ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಹುಳಗಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರ ಕಳೆದು ಹುಳ ಹೊಟ್ಟೆಬಾಕನಂತೆ ತಿನ್ನತೊಡಗಿತೆಂದರೆ ಮನೆಯಲ್ಲಿ ಒಗ್ಗರಣೆಯ ಘಾಟೂ ಏಳಬಾರದು, ಸೊಳ್ಳೆಬತ್ತಿ ಹಚ್ಚಬಾರದು, ಹೊರಗಿನವರು ಹೊಸ್ತಿಲು ದಾಟಬಾರದು. ಬೇರೆ ಹುಳದ ಮನೆಗೆ ಹೋಗಿ ಬಂದ ಕಾಲಿನಲ್ಲಿ ರೋಗ ಬಂದರೆ ಇಡೀ ಬೆಳೆ ತಿಪ್ಪೆಗೆ. "ಗೂಡು ಬಿಡಿಸೋ ತನಕ ಯಾರೂ ಬರೋದು ಬೇಡ" ಎಂದರು. ಅದರಲ್ಲಿ ವಾದವಿಲ್ಲ. ಆದರೆ ಗೂಡು ಬಿಡಿಸುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ಹುಡುಗ ಬರದಿದ್ದರೆ ಬೇಡ, ನಾನೇ ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿದೆ.

ಮಕ್ಕಳಿಗೆ ವಿದ್ಯುತ್ ಮಂಡಲದ ಪಾಠ ಮಾಡುವುದು ಬೇರೆ, ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕುವುದು ಬೇರೆ. ವಿಡಿಯೋ ನೋಡುವುದು, ನಿಲ್ಲಿಸುವುದು, ಮಾಡುವುದು, ಕೆಡಿಸುವುದು, ಮತ್ತೆ ನೋಡುವುದು. ಉಚಿತವಾಗಿ ಸಿಗುವ ಒಂದು ಪ್ರೋಗ್ರಾಂ ಹಾಕಿದೆ. ಅದು ಸಿನಿಮಾಗಳನ್ನು ಹೆಸರಿನ ಪಟ್ಟಿಯಾಗಿ ತೋರಿಸದೆ, ಟಾಕೀಸಿನ ಗೋಡೆಗೆ ಪೋಸ್ಟರ್ ಅಂಟಿಸಿದಂತೆ ಚಿತ್ರಗಳ ಸಾಲಾಗಿ ತೋರಿಸುತ್ತದೆ. ಕರೆಂಟ್ ಬಂದ ತಕ್ಷಣ ತಾನೇ ಏಳುವಂತೆ ಮಾಡುವ ಸೆಟ್ಟಿಂಗ್ ಎಲ್ಲಿದೆಯೆಂದು ಹುಡುಕಿ ಹುಡುಕಿ ಸಿಕ್ಕಿದಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಮೇನ್ ಸ್ವಿಚ್ ಆರಿಸಿ, ಹಾಕಿ, ಪರೀಕ್ಷಿಸಿದೆ. ಹುಳದ ಮನೆಯ ಫ್ಯಾನೂ ನಿಂತದ್ದಕ್ಕೆ ಬೈಸಿಕೊಂಡೆ.

ಕೀಲಿಮಣೆಯಲ್ಲಿ ನಾಲ್ಕು ದಿಕ್ಕಿನ ನಾಲ್ಕು ಗುಂಡಿ, ಸಿನಿಮಾ ಶುರು ಮಾಡುವ ಒಂದು ಗುಂಡಿ, ಇಷ್ಟು ಬಿಟ್ಟು ಉಳಿದವನ್ನೆಲ್ಲ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದುಬಿಟ್ಟೆ. ಶುರು ಮಾಡುವ ಗುಂಡಿಗೆ ಉಗುರಿನ ಕೆಂಪು ಬಣ್ಣ ಬಳಿದೆ. ಹಲ್ಲು ಬಿದ್ದ ಬಾಯಿಯ ಹಾಗಿದೆ ಎಂದು ಅಕ್ಕ ನಕ್ಕಳು. ಕಳೆದುಹೋಗದಂತೆ ಅದಕ್ಕೆ ಉದ್ದನೆಯ ವೈರು, ವೈರು ಗೋಡೆಯಂಚಿನಲ್ಲಿ ಹರಿದು ಅವಳ ಕುರ್ಚಿಯ ತೋಳಿನವರೆಗೆ.

ಆಮೇಲೆ ಡಿಸ್ಕುಗಳು. ಭಾನುವಾರ ಬೆಳಿಗ್ಗೆ ಟ್ರಂಕು ಬಿಚ್ಚಿ ಕೂತರೆ ನಮ್ಮಿಬ್ಬರಿಗೂ ಅಡುಗೆಯ ನೆನಪೇ ಆಗುತ್ತಿರಲಿಲ್ಲ. ಒಂದೊಂದು ಡಿಸ್ಕನ್ನೂ ಒರೆಸಿ, ಒಳಗೆ ಹಾಕಿ, ಅದು ಗೊರಗೊರ ಎಂದು ತಿರುಗಿ ಪ್ರತಿಯಾಗುವವರೆಗೆ ಕಾಯಬೇಕು. ಸಿನಿಮಾಗಳನ್ನೆಲ್ಲ ಬೇರೊಂದು ಸಣ್ಣ ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಅದರಿಂದ ಕಂಪ್ಯೂಟರಿಗೆ ವೈರು ಎಳೆದು ಬೀರುವಿನ ಮೇಲಿಟ್ಟೆ. ಕವರಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಪೋಸ್ಟರ್ ಮಾಡಿದೆ. ಕವರಿಲ್ಲದ ಡಿಸ್ಕುಗಳಿಗೆ ಅಕ್ಕನೇ ದೃಶ್ಯ ಹೇಳುತ್ತಿದ್ದಳು: "ಕುದುರೆ ಮೇಲಿಂದ ಬಾವಿಗೆ ಬೀಳ್ತಾನಲ್ಲ, ಅಲ್ಲಿ ಹಿಡಿ."

ನಾನು ಮೇಷ್ಟರ ಬುದ್ಧಿಯಿಂದ ಕನ್ನಡ, ತೆಲುಗು, ಹಾಸ್ಯ, ಸಾಹಸ ಎಂದು ವಿಂಗಡಿಸಿದೆ. ಅಕ್ಕ ನೋಡಿ ತಲೆಯಾಡಿಸಿದಳು. ಅವಳಿಗೆ ಯಾವುದೂ ಸಿಗುತ್ತಿರಲಿಲ್ಲ.

"ಇದು ಚಿಂತಾಮಣಿ ಪಿಚ್ಚರ್ ಕಣೇ. ಇದನ್ಯಾಕೆ ಅದರ ಪಕ್ಕ ಇಟ್ಟಿದೀಯ? ಅದು ಚಿಕ್ಕಬಳ್ಳಾಪುರದ್ದು."

ಆಗ ನನಗೆ ತಿಳಿಯಿತು. ಅಕ್ಕನ ತಲೆಯಲ್ಲಿ ಸಿನಿಮಾಗಳು ಭಾಷೆಯ ಪ್ರಕಾರ ಇರಲಿಲ್ಲ, ಮೊದಲ ಸಲ ನೋಡಿದ ಊರಿನ ಪ್ರಕಾರ ಇದ್ದವು. ಯಾವ ಊರಿನ ಯಾವ ಟಾಕೀಸು, ಬೆಂಚೋ ಕುರ್ಚಿಯೋ, ಜೊತೆಗೆ ಯಾರು ಬಂದಿದ್ದರು, ಹೊರಗೆ ಏನು ತಿಂದೆವು, ಎಲ್ಲ ಸೇರಿ ಒಂದೇ ಸಿನಿಮಾ. ನನ್ನ ವಿಂಗಡಣೆಯನ್ನು ಅಳಿಸಿಹಾಕಿದೆ. ಊರಿಗೊಂದು ಸಾಲು ಮಾಡಿದೆ. ಚಿಂತಾಮಣಿಯ ಸಾಲು ಎಲ್ಲಕ್ಕಿಂತ ಉದ್ದ. ಶಿಡ್ಲಘಟ್ಟದ್ದು, ಚಿಕ್ಕಬಳ್ಳಾಪುರದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಗೌರಿಬಿದನೂರಿನ ಸಾಲಿನಲ್ಲಿ ಮಾತ್ರ ಒಂದೇ ಒಂದು.

ಆ ಒಂದು ನನಗೂ ಗೊತ್ತಿತ್ತು. ವಿದುರಾಶ್ವತ್ಥದ ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರತ್ತೆ ಇದ್ದರು. ಅವರ ಮನೆಯಿಂದ ವಾಪಸು ಬರುವಾಗ ಗೌರಿಬಿದನೂರಿನಲ್ಲಿ ಬಸ್ಸಿಗೆ ಬಹಳ ಹೊತ್ತಿದೆ ಎಂದು ಅಕ್ಕ ನನ್ನನ್ನು ಮ್ಯಾಟಿನಿಗೆ ಎಳೆದುಕೊಂಡು ಹೋಗಿದ್ದಳು. ಅವಳು ಲಂಗ ದಾವಣಿಯ ಹುಡುಗಿ, ನಾನು ಆಗಷ್ಟೇ ಶಾಲೆಗೆ ಸೇರಿದವಳು. ಹೀರೋ ಊರು ಬಿಟ್ಟು ಹೊರಡುವುದು ನೆನಪಿದೆ. ಆಮೇಲೆ ಅಕ್ಕನ ತೊಡೆಯ ಮೇಲೆ ನಿದ್ದೆ ಹೋಗಿಬಿಟ್ಟೆ. ಅವನು ಊರಿಗೆ ವಾಪಸು ಬಂದನೋ ಇಲ್ಲವೋ ನನಗೆ ಆವತ್ತಿಗೂ ಗೊತ್ತಿರಲಿಲ್ಲ. ಕೇಳಿದಾಗೆಲ್ಲ ಅಕ್ಕ "ಟಿಕೇಟ್ ತಗೊಂಡು ಮಲಗಿದೋರಿಗೆ ಕಥೆ ಹೇಳಲ್ಲ" ಎಂದು ಹಂಗಿಸುತ್ತಿದ್ದಳು.

ಆ ಸಿನಿಮಾ ಎರಡು ಡಿಸ್ಕಿನಲ್ಲಿತ್ತು. ಎರಡನೆಯದಕ್ಕೆ ಬೂಷ್ಟು ಹಿಡಿದು, ಮಚ್ಚೆ ಮಚ್ಚೆಯಾಗಿ, ಅರ್ಧಕ್ಕೆ ನಿಂತುಬಿಡುತ್ತಿತ್ತು. ಮೆತ್ತನೆಯ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ಒರೆಸುವುದು, ಹಾಕುವುದು, ಅದು ನಿಲ್ಲುವುದು, ಮತ್ತೆ ಒರೆಸುವುದು. "ಪೋನಿಲೇ" ಎಂದಳು ಅಕ್ಕ. ಹೋಗಲಿ ಬಿಡು ಎನ್ನಬೇಕಾದಾಗ ಅವಳಿಗೆ ತೆಲುಗೇ ಬರುವುದು. ನಾನು ಬಿಡಲಿಲ್ಲ. ಎಷ್ಟನೆಯ ಪ್ರಯತ್ನಕ್ಕೋ ಅದು ಕೊನೆಯವರೆಗೂ ಹರಿಯಿತು. ಆದರೆ ಕೊನೆಯನ್ನು ನಾನು ನೋಡಲಿಲ್ಲ. ಅಕ್ಕ ಹಾಕಿದಾಗ ನೋಡಿದರಾಯಿತು ಎಂದುಕೊಂಡೆ.

ಒಂದು ಬೆಳಿಗ್ಗೆ ಅಕ್ಕ ತಾನೇ ಕೂತು, ತಾನೇ ಒತ್ತಿ, ಚಿಂತಾಮಣಿ ಸಾಲಿನ ಒಂದು ಹೊಡೆದಾಟದ ಚಿತ್ರ ಹಾಕಿಕೊಂಡಳು. ಅಡುಗೆ ಮನೆಯಿಂದ ಇಣುಕಿ ನೋಡಿದೆ. ವಿಲನ್ನಿಗೆ ಬೈಯುತ್ತಿದ್ದಳು. ಇನ್ನು ನಿಶ್ಚಿಂತೆ ಎಂದು ಚಿಕ್ಕಬಳ್ಳಾಪುರಕ್ಕೆ ಪರೀಕ್ಷೆಯ ಕೆಲಸಕ್ಕೆ ಹೊರಟೆ. ಬಿಸಿಲು ಹೊಡೆಯುವ ಕಾಲ.

ಸಂಜೆ ಬಂದರೆ ನಡುಮನೆಯಲ್ಲಿ ಹಸಿ ಗೋಣಿಯ ವಾಸನೆ. ಟಿವಿಯ ಪಕ್ಕದ ಗೋಡೆಗೂಡಿನಲ್ಲಿ ನಾನು ಕಂಪ್ಯೂಟರ್ ಇಟ್ಟಿದ್ದೆ. ಆ ಗೂಡಿನ ಬಾಯಿಗೆ ಮೊಳೆ ಹೊಡೆದು ನೆನೆಸಿದ ಗೋಣಿಚೀಲ ಇಳಿಬಿಟ್ಟಿತ್ತು. ನೀರು ತೊಟ್ಟಿಕ್ಕುತ್ತಿತ್ತು. ಯಜಮಾನರು ಇನ್ನೊಂದು ತಂಬಿಗೆ ನೀರು ಹಿಡಿದು ಅದಕ್ಕೆ ಚಿಮುಕಿಸಲು ಬರುತ್ತಿದ್ದರು.

"ಏನ್ರೀ ಇದು?"

"ಪೆಟ್ಟಿಗೆ ಕಾದುಹೋಗಿತ್ತು ಕಣೇ, ಕೈ ಇಡೋಕಾಗ್ತಿರ್ಲಿಲ್ಲ. ಬಿಸಿಲಲ್ಲಿ ಹುಳದ ಮನೆ ಕಿಟಕಿಗೆ ಕಟ್ಟಲ್ವಾ, ಹಂಗೇ ಒಂದು ಗೋಣಿ ನೆನೆಸಿ ಕಟ್ಟಿದೆ. ಈಗ ಮುಟ್ಟಿ ನೋಡು, ತಣ್ಣಗೈತೆ."

ತಣ್ಣಗೇನೋ ಇತ್ತು. ಇನ್ನೆಂದೂ ಬಿಸಿಯಾಗದಷ್ಟು ತಣ್ಣಗಿತ್ತು. ಒಳಗಿನ ಫ್ಯಾನು ಹಸಿ ಗಾಳಿಯನ್ನೇ ಎಳೆದುಕೊಂಡಿತ್ತು, ಗೋಣಿಯ ನೀರು ವೈರಿನ ಗುಂಟ ಇಳಿದು ಒಳಗೇ ಸೇರಿತ್ತು. ಅವರ ಹುಳಗಳು ಅದೇ ಉಪಾಯದಿಂದ ಎಷ್ಟೋ ಬೇಸಿಗೆ ಬದುಕಿವೆ. ಅವರಿಗೆ ತಿಳಿದಿದ್ದ, ಅವರು ನಂಬಿದ್ದ ಆರೈಕೆ ಅದೊಂದೇ. ಇದೆಲ್ಲ ನನಗೆ ಈಗ ಹೊಳೆಯುತ್ತದೆ. ಆಗ ಬಾಯಿಗೆ ಬಂದಂತೆ ಬೈದೆ. ಕೇಳಬಾರದಿತ್ತೇ, ಫೋನು ಇರಲಿಲ್ಲವೇ, ಹುಳಕ್ಕೂ ಯಂತ್ರಕ್ಕೂ ವ್ಯತ್ಯಾಸ ಗೊತ್ತಿಲ್ಲವೇ ಎಂದು ಕೂಗಾಡಿದೆ. ಅವರು ತಂಬಿಗೆ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ "ಉಳೀಲಿ ಅಂತ ಮಾಡಿದ್ದು ಕಣೇ" ಎಂದು ಹುಳದ ಮನೆಗೆ ಹೋದರು.

ಡಬ್ಬಿಯನ್ನು ಬಿಚ್ಚಿ, ಒರೆಸಿ, ಒಣಗಿಸಿ, ಏನೆಲ್ಲ ಮಾಡಿದೆ. ಏಳಲಿಲ್ಲ. ಬೀರುವಿನ ಮೇಲಿದ್ದ ಹಾರ್ಡ್ ಡಿಸ್ಕು ಮಾತ್ರ ಬದುಕಿತ್ತು. ಅದನ್ನು ಹೇಳಲು ಅಕ್ಕನ ಕಡೆ ತಿರುಗಿದರೆ ಅವಳು ಕೀಲಿಮಣೆಯ ವೈರನ್ನು ನೀಟಾಗಿ ಸುತ್ತುತ್ತಿದ್ದಳು.

"ಪೋನಿಲೇ" ಎಂದಳು. "ನಂಗ್ಯಾಕಮ್ಮ ಇದೆಲ್ಲ? ಗಂಡ ಹೆಂಡ್ತಿ ನನ್ನಿಂದ ಜಗಳ ಆಡಬ್ಯಾಡ್ರಿ. ಭಕ್ತಿ ಚಾನೆಲ್ಲೇ ನೋಡ್ತೀನಿ ಬಿಡು."

ಕೀಲಿಮಣೆಯನ್ನು ಡಿಸ್ಕುಗಳ ಟ್ರಂಕಿನೊಳಗಿಟ್ಟು ಮುಚ್ಚಳ ಹಾಕಿದಳು. ಯಂತ್ರ ಸತ್ತದ್ದಕ್ಕೆ ನನಗೆ ಸಿಟ್ಟು ಬಂದಿತ್ತು, ಅಷ್ಟೇ. ಆ ಮುಚ್ಚಳದ ಸದ್ದಿಗೆ ಅಳು ಬಂತು. ಮತ್ತೆ ಅವಳನ್ನು ಕಪ್ಪು ಗಾಜಿನ ಮುಂದೆ ಕೂರಿಸಲು ನಾನು ಇಷ್ಟೆಲ್ಲ ಮಾಡಲಿಲ್ಲ ಎಂದುಕೊಂಡು ಟ್ರಂಕು ತೆರೆದು ಕೀಲಿಮಣೆಯನ್ನು ವಾಪಸು ತೆಗೆದು ಅವಳ ಕುರ್ಚಿಯ ತೋಳಿನ ಮೇಲೆಯೇ ಇಟ್ಟೆ.

"ಇದು ಇಲ್ಲೇ ಇರ್ಲಿ. ಇದಕ್ಕೆ ಬೇರೆ ಪೆಟ್ಟಿಗೆ ಬರುತ್ತೆ."

"ಹಟಮಾರಿ" ಎಂದಳು ಅಕ್ಕ.

ಈ ಸಲ ಪೆಟ್ಟಿಗೆ ಆರಿಸುವಾಗ ನನಗೆ ಏನು ಬೇಕೆಂದು ಗೊತ್ತಿತ್ತು. ಒಳಗೆ ಫ್ಯಾನೇ ಇರಬಾರದು. ಮೈಯೆಲ್ಲ ಬಾಚಣಿಗೆಯ ಹಲ್ಲಿನಂಥ ಲೋಹದ ಪಟ್ಟಿಗಳಿದ್ದು, ಅದರಲ್ಲೇ ಬಿಸಿಯನ್ನು ಹೊರಗೆ ಬಿಡುವ ಕಂಪ್ಯೂಟರುಗಳಿವೆ. ಸುತ್ತ ಗಾಳಿಯಾಡಿದರೆ ಸಾಕು, ಅವಕ್ಕೆ ಬೇರೆ ಉಪಚಾರ ಬೇಡ. ಚಿಕ್ಕಬಳ್ಳಾಪುರದ ಅದೇ ಅಂಗಡಿಯವರು ತರಿಸಿಕೊಟ್ಟರು. "ಈ ಸಲ ಹೇಗೆ ನಡೀಬೇಕು ಮೇಡಂ?" ಎಂದು ರೇಗಿಸಿದರು. "ಮೊದಲಿನ ಹಾಗೇ, ಆದರೆ ನೀರಿಳಿಯದ ಹಾಗೆ" ಎಂದೆ.

ಎಲ್ಲಿಡುವುದೆಂಬುದು ಉಳಿಯಿತು. ಗೋಡೆಯ ಗೂಡಿನಲ್ಲಿ ಗಾಳಿಯಾಡದು. ಅದನ್ನೇ ಯೋಚಿಸುತ್ತಾ ಕೂತಿದ್ದಾಗ ಯಜಮಾನರು ಅಟ್ಟದಿಂದ ಒಂದು ಹಳೆಯ ಚಂದ್ರಿಕೆ ಇಳಿಸಿಕೊಂಡು ಬಂದರು. ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಹೆಣಿಗೆಯ ತಟ್ಟೆ ಅದು. ಈಗ ಎಲ್ಲರೂ ಪ್ಲಾಸ್ಟಿಕ್ಕಿನದನ್ನೇ ಬಳಸುವುದರಿಂದ ಧೂಳು ತಿನ್ನುತ್ತಿತ್ತು. ಆ ದಿನದ ಜಗಳದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಅವರು ಅದನ್ನು ತೊಳೆದು, ಒಣಗಿಸಿ, ಆಳೆತ್ತರದ ಆ ತಟ್ಟೆಯಿಂದ ಬೇಕಾದಷ್ಟು ತುಂಡನ್ನು ಕತ್ತರಿಸಿ, ಟಿವಿಯ ಪಕ್ಕದ ಗೋಡೆಗೆ ಎರಡು ಮರದ ತುಂಡು ಕೊಟ್ಟು, ಗೋಡೆಗೆ ಅಂಟದಂತೆ ಹೊಡೆದರು.

"ಹುಳ ಗೂಡು ಕಟ್ಟೋವಾಗ ಗಾಳಿ ಬೇಕು, ನೀರು ಬೀಳಬಾರದು" ಎಂದರು, ನನ್ನ ಮುಖ ನೋಡದೆ. "ನಿನ್ನ ಪೆಟ್ಟಿಗೇನೂ ಅದೇ ಜಾತಿ ತಾನೇ ಈಗ?"

ನನಗೆ ನಗು ಬಂತು. ಕಂಪ್ಯೂಟರನ್ನು ಆ ಬಿದಿರಿನ ಹೆಣಿಗೆಗೆ ಕಟ್ಟಿದೆವು. ಹಿಂದೆ ಮುಂದೆ ಎರಡು ಕಡೆಯೂ ಗಾಳಿ. ಮಟಮಟ ಮಧ್ಯಾಹ್ನ ಕೈಯಿಟ್ಟು ನೋಡಿದರೂ ಬೆಚ್ಚಗಿತ್ತು, ಅಷ್ಟೇ. ಗೋಣಿಚೀಲ ನೆನೆಸಬಾರದು ಎಂದು ಮತ್ತೊಮ್ಮೆ ಹೇಳಬೇಕೆನಿಸಿತು, ಹೇಳಲಿಲ್ಲ. ಗೂಡಿನ ಬಾಯಿಯ ಮೊಳೆಯನ್ನು ಅವರೇ ಕಿತ್ತಿದ್ದರು.

ಉಳಿದದ್ದೆಲ್ಲ ಬೇಗ ಆಯಿತು. ಹಾರ್ಡ್ ಡಿಸ್ಕು ಸಿಕ್ಕಿಸಿದೆ, ಊರುಗಳ ಸಾಲುಗಳು ಬಂದು ನಿಂತವು. ಕೀಲಿಮಣೆ ಸಿಕ್ಕಿಸಿದೆ. ಅಕ್ಕ ಮೊದಮೊದಲು ಹತ್ತಿರ ಬರಲಿಲ್ಲ, ಮತ್ತೆ ಕೆಟ್ಟರೆ ಎಂಬ ಭಯ. ನಾನು ಒತ್ತಾಯಿಸಲಿಲ್ಲ. ಸ್ವಿಚ್ ಹಾಕಿಟ್ಟು ಶಾಲೆಗೆ ಹೋಗುತ್ತಿದ್ದೆ.

ಬೇಸಿಗೆ ರಜೆ ಕಳೆದು ಶಾಲೆ ಶುರುವಾಗಿ ಕೆಲವು ವಾರಗಳಾಗಿದ್ದವು. ಒಂದು ಸಂಜೆ ದಣಿದು ಬಂದೆ. ದಿನವಿಡೀ ದಾಖಲಾತಿ, ಮಕ್ಕಳ ಗದ್ದಲ, ಬಸ್ಸಿನಲ್ಲಿ ನಿಂತು ಬಂದ ಕಾಲುನೋವು. ಬಾಗಿಲು ತಳ್ಳಿದರೆ ಟಕ್ ಟಕ್ ಸದ್ದು. ಟಿವಿಯ ಮೇಲೆ ಪೋಸ್ಟರುಗಳು ಒಂದೊಂದಾಗಿ ಸರಿಯುತ್ತಿದ್ದವು. ಅಕ್ಕ ಕುರ್ಚಿಯಲ್ಲಿ ಹಿಂದಕ್ಕೊರಗಿ, ಕೀಲಿಮಣೆಯನ್ನು ತೋಳಿನ ಮೇಲಿಟ್ಟುಕೊಂಡು, ಅಂಗಡಿಯ ಮುಂದೆ ನಿಂತು ಕವರು ನೋಡುತ್ತಿದ್ದವಳ ಅದೇ ಗತ್ತಿನಲ್ಲಿ ಆರಿಸುತ್ತಿದ್ದಳು. ನಾನು ಬಂದದ್ದು ಕೇಳಿ ನಿಲ್ಲಿಸಿದಳು.

"ಬಂದ್ಯಾ? ಸುಸ್ತಾಗಿದೀಯ. ಕೂತ್ಕೋ ಬಾ. ಏನ್ ಬೇಕು ಹೇಳು, ಹಾಕ್ತೀನಿ."

ನನಗೆ ಯೋಚಿಸಲೂ ಶಕ್ತಿಯಿರಲಿಲ್ಲ. ಚೀಲವನ್ನು ಮೂಲೆಗೆ ಹಾಕಿ, "ಏನಾದ್ರೂ ಹಾಕಕ್ಕ" ಎಂದೆ.

ಅಕ್ಕ ಕುರ್ಚಿಯಲ್ಲೇ ಪೂರ್ತಿ ನನ್ನ ಕಡೆ ತಿರುಗಿದಳು.

"ಏನಾದ್ರೂ ಅನ್ನೋ ಪಿಚ್ಚರ್ ನನ್ ಹತ್ರ ಇಲ್ಲಮ್ಮ. ಬೇಕಾದ್ದು ಬಾಯ್ಬಿಟ್ಟು ಹೇಳು. ಯಾವೂರ್ದು?"

ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತು, ನೋಯುವ ಮಂಡಿಗೆ ತಾಗದಂತೆ ಕುರ್ಚಿಗೆ ತಲೆಯಾನಿಸಿದೆ.

"ಗೌರಿಬಿದನೂರು" ಎಂದೆ.

ಅಕ್ಕ ನಕ್ಕಳು. ನುಣುಪಾದ ಆ ಬೆರಳು ಕೆಳಗಿನ ಗುಂಡಿ ಒತ್ತಿ ಒತ್ತಿ ಕೊನೆಯ ಸಾಲಿಗೆ ಬಂದು, ಕೆಂಪು ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು.

"ಈ ಸಲ ಮಲಗಿದ್ರೆ ಎಬ್ಬಿಸ್ತೀನಿ ಕಣೇ" ಎಂದು ಟಕ್ ಎಂದು ಒತ್ತಿದಳು.